ನಾರಾವಿಯ ಹಾದಿಯಲ್ಲಿ ನಾಣ್ಯದ ನೋಟ

ಕಾರ್ಕಳದ ಗೊಮ್ಮಟನ ಬೆಟ್ಟವನ್ನು ಹಿಂದೆ ಬಿಟ್ಟು ಧರ್ಮಸ್ಥಳದ ಕಡೆಗೆ ಹೊರಟ ಬಸ್ಸು ಬಜಗೋಳಿಯನ್ನೂ ಹೊಸ್ಮಾರನ್ನೂ ದಾಟಿದ ಮೇಲೆ ನಾರಾವಿ ಬರುತ್ತದೆ. 1997ರಲ್ಲಿ ಉಡುಪಿ ಜಿಲ್ಲೆ ಬೇರೆಯಾದಂದಿನಿಂದ ಇದು ದಕ್ಷಿಣ ಕನ್ನಡದ ಅಂಚಿನ ಊರು. ಎಡಗಡೆಗೆ ಕುದುರೆಮುಖದ ಮಲೆಸಾಲು ಮುಗಿಲನ್ನು ಹೊದ್ದು ನಿಂತಿರುತ್ತದೆ. ಅದರ ಬುಡದಿಂದ ರಸ್ತೆಯವರೆಗೆ ಅಡಿಕೆ, ತೆಂಗು, ರಬ್ಬರು, ನಡುನಡುವೆ ಗದ್ದೆಯ ತುಂಡುಗಳು. ಸೂರ್ಯನಾರಾಯಣ ದೇವಸ್ಥಾನ, ಬಸದಿ, ಸಂತ ಅಂತೋನಿಯವರ ಇಗರ್ಜಿ, ನಾಲ್ಕಾರು ಅಂಗಡಿಗಳು. ಧರ್ಮಸ್ಥಳದ ಯಾತ್ರಿಕರು ಕಿಟಕಿಯಿಂದಲೇ ನೋಡಿ ಮುಂದೆ ಸಾಗುವ ಊರಿದು. ಇಂಥಲ್ಲಿ ಇಳಿದು ಹಳೆಯ ನಾಣ್ಯಗಳ ಮಾತೆತ್ತುವವನನ್ನು ಕಂಡರೆ ಕಂಡಕ್ಟರನಿಗೂ ನಗು ಬಂದೀತು. ಆದರೆ ನಾಣ್ಯಕ್ಕೆ ದರ್ಜೆ ಕಟ್ಟುವುದೆಂದರೇನು, ಆ ದರ್ಜೆಯನ್ನು ಯಾರು ಹೇಳಬೇಕು ಎಂಬ ಪ್ರಶ್ನೆಯನ್ನು ಈ ಸೀಮೆಯ ಜನರಿಗೆ ಬಿಡಿಸಿ ಹೇಳಬೇಕಾದ ಪ್ರಮೇಯವೇ ಇಲ್ಲ. ಅವರು ಅಡಿಕೆ ಬೆಳೆದವರು.

ಅಡಿಕೆಯ ಮೂಟೆ ಅಂಗಡಿಯ ಜಗಲಿಗೆ ಬಂದಾಗ ನಡೆಯುವುದನ್ನು ಗಮನಿಸಬೇಕು. ವ್ಯಾಪಾರಿಯು ಮೂಟೆಯೊಳಕ್ಕೆ ಮೊಣಕೈವರೆಗೆ ಕೈಹಾಕಿ ಒಂದು ಹಿಡಿ ತೆಗೆಯುತ್ತಾನೆ; ಎರಡು ಅಡಿಕೆಗಳನ್ನು ಕತ್ತರಿಯಲ್ಲಿಟ್ಟು ಸೀಳುತ್ತಾನೆ; ಒಳಗಿನ ಬಿಳುಪನ್ನು ಬೆಳಕಿಗೆ ಹಿಡಿಯುತ್ತಾನೆ. ಹಳತೋ ಹೊಸತೋ, ಪಟೋರವೋ ಉಳ್ಳಿಯೋ, ಅಥವಾ ಬರಿಯ ಕರಿಗೋಟೋ ಎಂಬುದು ಆ ಒಂದು ನೋಟದಲ್ಲಿ ತೀರ್ಮಾನವಾಗುತ್ತದೆ. “ಶೆಟ್ರೇ, ಇದನ್ನು ಹಳತಿನ ಲೆಕ್ಕಕ್ಕೆ ಹಿಡಿಯಲಿಕ್ಕಾಗುವುದಿಲ್ಲ” ಎಂದು ಅವನು ಹೇಳಿದರೆ ಶೆಟ್ಟರ ಒಂದು ವರ್ಷದ ಆರೈಕೆ ಒಂದು ಮೆಟ್ಟಿಲು ಕೆಳಗಿಳಿಯಿತೆಂದೇ ಅರ್ಥ. ಅವನ ಕಣ್ಣು ಸುಳ್ಳು ಹೇಳದೆ ಇರಬಹುದು. ಆದರೂ ದರ್ಜೆ ಹೇಳುವವನೂ ಕೊಳ್ಳುವವನೂ ಒಬ್ಬನೇ ಆದಾಗ ಮಾರುವವನ ಮನಸ್ಸಿಗೆ ಸಮಾಧಾನವಿಲ್ಲ. 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೋ ಸಹಕಾರಿ ಸಂಸ್ಥೆ ಹುಟ್ಟಿದ್ದರ ಹಿಂದೆ ಬೆಲೆಯ ಕುಸಿತದ ಜೊತೆಗೆ ಈ ಅಸಮಾಧಾನವೂ ಇದ್ದಿತು.

ನಾಣ್ಯ ಸಂಗ್ರಹಿಸುವವರ ಕಷ್ಟವೂ ಇದೇ. ಕೊಳ್ಳುವಾಗ “ಸವೆದಿದೆ” ಎನ್ನುವ ವರ್ತಕನು ಅದೇ ನಾಣ್ಯವನ್ನು ಮಾರುವಾಗ “ಹೊಚ್ಚಹೊಸದರಂತಿದೆ” ಎನ್ನುತ್ತಾನೆ. ಕ್ಯಾಂಪ್ಕೋ ಹುಟ್ಟುವುದಕ್ಕೆ ಒಂದು ವರ್ಷ ಮೊದಲು, 1972ರಲ್ಲಿ, ಅಮೆರಿಕದ ನಾಣ್ಯಶಾಸ್ತ್ರ ಸಂಘವು ಕೊಳ್ಳುವವನೂ ಅಲ್ಲದ, ಮಾರುವವನೂ ಅಲ್ಲದ ಮೂರನೆಯವನೊಬ್ಬನು ನಾಣ್ಯವನ್ನು ನೋಡಿ ಅಸಲೋ ನಕಲೋ ಹೇಳುವ ವ್ಯವಸ್ಥೆಯೊಂದನ್ನು ಆರಂಭಿಸಿತು. ಅದೇ ಎ.ಎನ್.ಎ.ಸಿ.ಎಸ್. ಎಂಬ ಸಂಸ್ಥೆ. 1979ರಿಂದ ಅದು ಛಾಯಾಚಿತ್ರವಿರುವ ಪ್ರಮಾಣಪತ್ರದಲ್ಲಿ ದರ್ಜೆಯನ್ನೂ ಬರೆದುಕೊಡತೊಡಗಿತು. 1986ರಲ್ಲಿ ಪಿ.ಸಿ.ಜಿ.ಎಸ್., 1987ರಲ್ಲಿ ಎನ್.ಜಿ.ಸಿ. ಎಂಬ ಖಾಸಗಿ ಸಂಸ್ಥೆಗಳು ಬಂದವು. ಕಾಗದದ ಪ್ರಮಾಣಪತ್ರ ಒಂದು ಕಡೆ, ನಾಣ್ಯ ಇನ್ನೊಂದು ಕಡೆ ಆಗಿ ಅದಲುಬದಲಾಗುವ ಭಯವಿತ್ತಲ್ಲವೆ? ಇವರು ನಾಣ್ಯವನ್ನೇ ಪಾರದರ್ಶಕ ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ಮುಚ್ಚಿ, ದರ್ಜೆಯ ಚೀಟಿಯನ್ನೂ ಅದರೊಳಗೇ ಇಟ್ಟು ಭದ್ರವಾಗಿ ಬೆಸೆದುಬಿಟ್ಟರು. ಸಂಗ್ರಾಹಕರ ಬಾಯಲ್ಲಿ ಇದಕ್ಕೆ ‘ಸ್ಲ್ಯಾಬ್’ ಎಂದು ಹೆಸರು.

ದರ್ಜೆಯ ಅಂಕಿಗಳು ಒಂದರಿಂದ ಎಪ್ಪತ್ತರವರೆಗೆ. ನೂರು ಬಿಟ್ಟು ಎಪ್ಪತ್ತೇಕೆ ಎಂಬ ಕುತೂಹಲ ಸಹಜ. ವಿಲಿಯಂ ಶೆಲ್ಡನ್ ಎಂಬ ಮನಶ್ಶಾಸ್ತ್ರಜ್ಞನು 1949ರಲ್ಲಿ ಅಮೆರಿಕದ ಹಳೆಯ ತಾಮ್ರದ ಸೆಂಟುಗಳ ಕುರಿತು ಬರೆದ ಗ್ರಂಥದಲ್ಲಿ, ಗುರುತಿಸಲಷ್ಟೇ ಸಾಧ್ಯವಾದ ಸವೆದ ನಾಣ್ಯಕ್ಕೆ ಒಂದು ಎಂದೂ ಪರಿಪೂರ್ಣ ನಾಣ್ಯಕ್ಕೆ ಎಪ್ಪತ್ತು ಎಂದೂ ಗೊತ್ತುಮಾಡಿದನು. ಎರಡನೆಯದರ ಬೆಲೆ ಮೊದಲನೆಯದರ ಎಪ್ಪತ್ತರಷ್ಟು ಎಂಬುದು ಅವನ ಅಂದಿನ ಲೆಕ್ಕ. ಆ ಬೆಲೆಗಳು ಎಂದೋ ಮಣ್ಣುಗೂಡಿದರೂ ಅಂಕಿ ಮಾತ್ರ ಜಗತ್ತಿನ ನಾಣ್ಯಗಳಿಗೆಲ್ಲ ಅಂಟಿಕೊಂಡಿತು. ದರ್ಜೆಯ ಶಾಸ್ತ್ರಕ್ಕೆ ಮೂಲಪುರುಷನಾದ ಈ ಮಹಾಶಯನೇ ನ್ಯೂಯಾರ್ಕಿನ ಸಂಗ್ರಹಾಲಯವೊಂದರ ಉತ್ತಮ ಸೆಂಟುಗಳನ್ನು ಎತ್ತಿಕೊಂಡು ತನ್ನ ಕೀಳು ಸೆಂಟುಗಳನ್ನು ಅಲ್ಲಿ ಇಟ್ಟಿದ್ದನೆಂಬುದು ಅವನು ತೀರಿಕೊಂಡ ಮೇಲೆ ಬಯಲಾಯಿತು!

ಇನ್ನು ಈ ಸಂಸ್ಥೆಗಳನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ತೂಗಿ ನೋಡಬಹುದು. ಕ್ಯಾಲಿಫೋರ್ನಿಯಾದ ಪಿ.ಸಿ.ಜಿ.ಎಸ್.ಗೂ ಫ್ಲಾರಿಡಾದ ಎನ್.ಜಿ.ಸಿ.ಗೂ ಮೂಲಭೂತವಾದ ಅಂತರ ಹೆಚ್ಚಿಲ್ಲ. ಎರಡರಲ್ಲಿಯೂ ಒಬ್ಬರಿಗಿಂತ ಹೆಚ್ಚು ಪರೀಕ್ಷಕರು ನಾಣ್ಯವನ್ನು ನೋಡುತ್ತಾರೆ; ಎರಡೂ ತಮ್ಮ ದರ್ಜೆಗೆ ಲಿಖಿತ ಭರವಸೆ ಕೊಡುತ್ತವೆ. ಅಮೆರಿಕದ ನಾಣ್ಯಗಳ ಪೇಟೆಯಲ್ಲಿ ಪಿ.ಸಿ.ಜಿ.ಎಸ್. ಪೆಟ್ಟಿಗೆಗೆ ಕೊಂಚ ಹೆಚ್ಚಿನ ಬೆಲೆ ಸಿಗುವುದುಂಟು. ಇತರ ದೇಶಗಳ ನಾಣ್ಯಗಳ ಪೇಟೆಯಲ್ಲಿ ಎನ್.ಜಿ.ಸಿ. ಪೆಟ್ಟಿಗೆಗಳು ಧಾರಾಳವಾಗಿ ಕಾಣಸಿಗುತ್ತವೆ. ಎ.ಎನ್.ಎ.ಸಿ.ಎಸ್. 1990ರಲ್ಲಿ ಸಂಘದ ಕೈಬಿಟ್ಟು ಖಾಸಗಿಯವರ ಪಾಲಾಯಿತು. ಅದರ ಪೆಟ್ಟಿಗೆಗೆ ಪೇಟೆಯಲ್ಲಿ ಅಷ್ಟು ಬೆಲೆಯಿಲ್ಲ. ಆದರೆ ಅದಕ್ಕೊಂದು ಉಪಕಾರಬುದ್ಧಿಯಿದ್ದಿತು: ಉಳಿದವರು ತೂತು ಬಿದ್ದ, ಉಜ್ಜಿ ತೊಳೆದ ನಾಣ್ಯಗಳನ್ನು ದರ್ಜೆ ಕೊಡದೆ ಹಿಂದಿರುಗಿಸುತ್ತಿದ್ದ ಕಾಲದಲ್ಲಿ ಅದು ದೋಷವನ್ನು ಚೀಟಿಯ ಮೇಲೆ ಬರೆದು ಅಂಥವನ್ನೂ ಪೆಟ್ಟಿಗೆಯೊಳಕ್ಕೆ ಸೇರಿಸಿಕೊಳ್ಳುತ್ತಿತ್ತು. ಈಗ ಎಲ್ಲರೂ ‘ಡೀಟೇಲ್ಸ್’ ಎಂಬ ಮಾತನ್ನು ಸೇರಿಸಿ ಹಾಗೆಯೇ ಮಾಡುತ್ತಾರೆ. ಆ ಒಂದು ಮಾತು ಚೀಟಿಯ ಮೇಲೆ ಬಂದರೆ ನಾಣ್ಯಕ್ಕೆ ಅಂಕಿ ಸಿಗುವುದಿಲ್ಲ, ಪೇಟೆಯ ಬೆಲೆಯೂ ಕುಸಿಯುತ್ತದೆ.

ಮೂರನೆಯವನ ತೀರ್ಪಾದರೂ ಸ್ಥಿರವೇ ಎಂದರೆ, ಅದೂ ಅಲ್ಲ. ಪೆಟ್ಟಿಗೆಯನ್ನು ಒಡೆದು, ಅದೇ ನಾಣ್ಯವನ್ನು ಅದೇ ಸಂಸ್ಥೆಗೆ ಮತ್ತೆ ಕಳುಹಿಸಿ, ಒಂದಂಕಿ ಹೆಚ್ಚು ಪಡೆದುಕೊಂಡು ಬೀಗುವವರು ಬೇಕಾದಷ್ಟಿದ್ದಾರೆ. ಎನ್.ಜಿ.ಸಿ.ಯನ್ನು ಸ್ಥಾಪಿಸಿದ ಜಾನ್ ಆಲ್ಬನೀಸ್ ಅವರೇ 2007ರಲ್ಲಿ ಸಿ.ಎ.ಸಿ. ಎಂಬ ಇನ್ನೊಂದು ಸಂಸ್ಥೆ ತೆರೆದು, ದರ್ಜೆಯಾದ ಅಮೆರಿಕದ ನಾಣ್ಯಗಳನ್ನು ಮರಳಿ ಪರೀಕ್ಷಿಸಿ, ಒಪ್ಪಿಗೆಯಾದ ಪೆಟ್ಟಿಗೆಗಳಿಗೆ ಹಸಿರು ಚೀಟಿ ಅಂಟಿಸಲಾರಂಭಿಸಿದರು. ತೀರ್ಪುಗಾರನ ಮೇಲೊಬ್ಬ ತೀರ್ಪುಗಾರ! ಪೆಟ್ಟಿಗೆಯ ನಕಲೂ ಪೇಟೆಗೆ ಬಂದಿರುವುದರಿಂದ, ಕೊಳ್ಳುವವನು ಚೀಟಿಯ ಸಂಖ್ಯೆಯನ್ನು ಸಂಸ್ಥೆಯ ದಾಖಲೆಯೊಡನೆ ಹೋಲಿಸಿ ನೋಡದೆ ಹಣ ಬಿಚ್ಚಬಾರದು.

ಇಷ್ಟೆಲ್ಲ ನಾರಾವಿಗೆ ಏನು ಸಂಬಂಧ? ಸಂಬಂಧವು ಈ ಕಡೆಯ ಹಳೆಯ ಮನೆಗಳ ಪೆಟ್ಟಿಗೆಗಳಲ್ಲಿದೆ.

ನಾರಾವಿಯ ಒಂದು ಮಗ್ಗುಲಿಗೆ ಭೈರರಸರ ಕಾರ್ಕಳ. 1432ರ ಗೊಮ್ಮಟ ಅಲ್ಲಿದ್ದಾನೆ. ಇನ್ನೊಂದು ಮಗ್ಗುಲಿಗೆ ಅಜಿಲರ ವೇಣೂರು. ಅಲ್ಲಿಯ ಗೊಮ್ಮಟ 1604ರವನು. ಆಚೆಗೆ ಮೂಡಬಿದಿರೆ, ಸಾವಿರ ಕಂಬದ ಬಸದಿಯನ್ನು ಕಟ್ಟಿಸಿದ ಜೈನ ವರ್ತಕರ ಪೇಟೆ. ಮೆಣಸು, ಅಕ್ಕಿಗಳು ಕರಾವಳಿಗೆ ಇಳಿದಾಗ ಹೊನ್ನು ಮಲೆಯ ಬುಡಕ್ಕೆ ಏರಿ ಬಂದಿತು. ತುಳುನಾಡನ್ನು ಶತಮಾನಗಟ್ಟಲೆ ಆಳಿದ ಆಳುಪರ ಚಿನ್ನದ ನಾಣ್ಯಗಳ ಮೇಲೆ ಜೋಡಿಮೀನಿನ ಲಾಂಛನವೂ ‘ಶ್ರೀ ಪಾಂಡ್ಯ ಧನಂಜಯ’ ಎಂಬ ಬರಹವೂ ಇವೆ. ಮೀನನ್ನೂ ಪಾಂಡ್ಯ ಎಂಬ ಹೆಸರನ್ನೂ ಕಂಡು ಇವು ಮಧುರೆಯವೆಂದೇ ಬಹುಕಾಲ ಎಣಿಸಿದ್ದುಂಟು. ವಿಜಯನಗರದ ಕಾಲದ ಇಲ್ಲಿಯ ಶಾಸನಗಳು ದಾನದ ಮೊತ್ತವನ್ನು ಬರಿದೆ ಗದ್ಯಾಣವೆನ್ನದೆ ‘ಬಾರಕೂರು ಗದ್ಯಾಣ’, ‘ಮಂಗಳೂರು ಗದ್ಯಾಣ’ ಎಂದು ಬಿಡಿಸಿ ಹೇಳುತ್ತವೆ. ಎಲ್ಲ ಗದ್ಯಾಣವೂ ಒಂದೇ ಅಲ್ಲವೆಂಬ ಎಚ್ಚರ ಕಲ್ಲಿನ ಮೇಲೂ ಕಾಣುತ್ತದೆ. ಅದೂ ಒಂದು ಬಗೆಯ ದರ್ಜೆಯೇ.

1443ರಲ್ಲಿ ಮಂಗಳೂರಿನಿಂದ ಘಟ್ಟ ಹತ್ತಿ ಬಿದನೂರಿನ ದಾರಿಯಾಗಿ ವಿಜಯನಗರಕ್ಕೆ ಹೋದ ಪಾರಸೀಕ ರಾಯಭಾರಿ ಅಬ್ದುಲ್ ರಜಾಕನು ವರಹ, ಅದರ ಅರ್ಧವಾದ ಪ್ರತಾಪ, ಚಿಕ್ಕದಾದ ಹಣ, ಬೆಳ್ಳಿಯ ತಾರ, ತಾಮ್ರದ ಜೀತಲಗಳನ್ನು ಒಂದೊಂದಾಗಿ ವಿವರಿಸಿದ್ದಾನೆ. ಕೆಳದಿಯ ಸದಾಶಿವನಾಯಕನ ಹೆಸರಿನ ಇಕ್ಕೇರಿ ವರಹದ ಮೇಲೆ ಒಂದು ಕಡೆ ಶಿವಪಾರ್ವತಿಯರು, ಇನ್ನೊಂದು ಕಡೆ ನಾಗರಿಯಲ್ಲಿ ‘ಶ್ರೀ ಸದಾಶಿವ’. ಅವನ ನಂತರದ ನಾಯಕರೂ ಅದೇ ಹೆಸರಿನಲ್ಲಿ ಅಚ್ಚು ಹಾಕಿಸಿದ್ದರಿಂದ ಒಂದು ವರಹವನ್ನು ಹಿಡಿದು ಇಂಥ ಅರಸನದೆನ್ನುವುದು ಕಷ್ಟ. 1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿಯು ಶಿವಪಾರ್ವತಿಯರನ್ನು ಹಾಗೆಯೇ ಉಳಿಸಿ, ಹಿಂಬದಿಗೆ ತನ್ನ ಹೆಸರಿನ ಮೊದಲಕ್ಷರವನ್ನಷ್ಟೇ ಪಾರಸೀ ಲಿಪಿಯಲ್ಲಿ ಇಡಿಸಿದನು. ಜನರ ಕೈಗೆ ಒಗ್ಗಿದ ಹಣದ ಮುಖವನ್ನು ಏಕಾಏಕಿ ಬದಲಿಸಬಾರದೆಂಬ ವಿವೇಕ ಆ ಸೇನಾನಿಗಿದ್ದಿತು.

ಇಂಥ ವರಹದ ತೂಕ ಸುಮಾರು ಮೂರೂವರೆ ಗ್ರಾಂ. ಗಾತ್ರದಲ್ಲಿ ಬೆರಳಿನ ಉಗುರಿನಷ್ಟು. ಕೈಯಿಂದ ಕುಟ್ಟಿದ ಅಚ್ಚು. ಅಚ್ಚು ದೊಡ್ಡದು, ಚಿನ್ನದ ಬಿಲ್ಲೆ ಚಿಕ್ಕದು. ಅರ್ಧ ಅಕ್ಷರ ಹೊರಗೇ ಉಳಿದುಹೋಗುವುದು ಸಾಮಾನ್ಯ. ಅಚ್ಚು ಸರಿಯಾಗಿ ಬೀಳಲಿಲ್ಲವೋ ಕೈಯಿಂದ ಕೈಗೆ ಹೋಗಿ ಸವೆಯಿತೋ ಎಂದು ತಿಳಿಯುವುದಕ್ಕೆ ಪಳಗಿದ ಕಣ್ಣು ಬೇಕು. ಯಂತ್ರದಲ್ಲಿ ಹುಟ್ಟಿದ ನಾಣ್ಯಕ್ಕಾಗಿ ಬೆಳೆದ ಎಪ್ಪತ್ತರ ಅಳತೆಗೋಲು ಇಲ್ಲಿ ತಡವರಿಸುತ್ತದೆ. ಗ್ರೀಕ್, ರೋಮನ್ ಮೊದಲಾದ ಪ್ರಾಚೀನ ನಾಣ್ಯಗಳಿಗಾಗಿ ಎನ್.ಜಿ.ಸಿ.ಯು ಅಂಕಿಯನ್ನು ಬಿಟ್ಟು, ಅಚ್ಚಿನ ಸೊಗಸಿಗೆ ಐದರಲ್ಲಿ ಇಷ್ಟು, ಮೈಯ ಸ್ಥಿತಿಗೆ ಐದರಲ್ಲಿ ಇಷ್ಟು ಎಂದು ಬೇರೆಬೇರೆಯಾಗಿ ಹೇಳುವುದು ಇದೇ ಕಾರಣಕ್ಕೆ. ಕೈಯಚ್ಚಿನ ನಾಣ್ಯಕ್ಕೆ ಇದು ಹೆಚ್ಚು ನ್ಯಾಯವಾದ ಕ್ರಮ.

ಹಾಗಾದರೆ ಅಜ್ಜಿಯ ಪೆಟ್ಟಿಗೆಯ ವರಹವನ್ನು ಫ್ಲಾರಿಡಾಕ್ಕೆ ಕಳುಹಿಸೋಣವೇ ಎಂದು ಪಟ್ಟಣದಲ್ಲಿರುವ ಮೊಮ್ಮಗನು ಕೇಳಬಹುದು. ಕಳುಹಿಸಕೂಡದು. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿಗಳ ಕಾಯಿದೆಯು ನೂರು ವರ್ಷಕ್ಕೆ ಕಡಿಮೆಯಿಲ್ಲದ ವಸ್ತುಗಳನ್ನು ಪ್ರಾಚ್ಯವಸ್ತುಗಳೆಂದು ಎಣಿಸುತ್ತದೆ. ಅದರ ವ್ಯಾಖ್ಯೆಯಲ್ಲಿ ನಾಣ್ಯದ ಹೆಸರು ಸ್ಪಷ್ಟವಾಗಿಯೇ ಇದೆ. ಅಂಥದ್ದನ್ನು ಕೇಂದ್ರ ಸರ್ಕಾರವಾಗಲಿ ಅದು ಅಧಿಕಾರ ಕೊಟ್ಟ ಸಂಸ್ಥೆಯಾಗಲಿ ಅಲ್ಲದೆ ಬೇರೆ ಯಾರೂ ದೇಶದಾಚೆಗೆ ಸಾಗಿಸುವಂತಿಲ್ಲ. ವಿಲಾಸ ಬರೆದು ವಿಮಾನದ ಅಂಚೆಗೆ ಹಾಕಿದ ಅಮಾಯಕನೂ ಸುಂಕದ ಕಟ್ಟೆಯಲ್ಲಿ ಅಪರಾಧಿಯಾಗಿ ನಿಲ್ಲಬೇಕಾದೀತು. ಇನ್ನು ತೋಟ ಅಗೆಯುವಾಗ ಮಣ್ಣಿನಲ್ಲಿ ಸಿಕ್ಕಿದ ನಾಣ್ಯವಾದರೆ ಅದು ನಿಧಿ. ಮೊದಲು ಜಿಲ್ಲಾಧಿಕಾರಿಗೆ ತಿಳಿಸಬೇಕು.

ನೂರು ವರ್ಷವೆಂಬ ಗೆರೆ ನಿಂತಲ್ಲಿ ನಿಲ್ಲುವ ಗೆರೆಯಲ್ಲವೆಂಬುದನ್ನೂ ನೆನಪಿಡಬೇಕು. 1835ರಲ್ಲಿ ಕಂಪನಿ ಸರ್ಕಾರವು ದೇಶಕ್ಕೆಲ್ಲ ಒಂದೇ ರೂಪಾಯಿಯನ್ನು ತಂದಿತು: 180 ಗ್ರೇನ್, ಎಂದರೆ 11.66 ಗ್ರಾಂ ತೂಕ. ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. ರಾಣಿಯ ರೂಪಾಯಿ, ಎಡ್ವರ್ಡನ ಬೋಳುತಲೆಯ ರೂಪಾಯಿ, ಐದನೆಯ ಜಾರ್ಜನ ರೂಪಾಯಿ ಎಲ್ಲವೂ ಈ ತೂಕದವು. ಐದನೆಯ ಜಾರ್ಜನ 1911ರ ರೂಪಾಯಿಯಲ್ಲಿ ಅರಸನ ನಿಲುವಂಗಿಯ ಮೇಲಿನ ಆನೆಯು ಹಂದಿಯಂತೆ ಕಾಣುತ್ತದೆಂದು ಗುಲ್ಲೆದ್ದು ಸರ್ಕಾರ ಅದನ್ನು ಹಿಂದಕ್ಕೆ ತೆಗೆದುಕೊಂಡ ಕಥೆ ಸಂಗ್ರಾಹಕರಿಗೆಲ್ಲ ಬಾಯಿಪಾಠ. ಚಲಾವಣೆಗಾಗಿ ಅಚ್ಚಾಗುತ್ತಿದ್ದ ಅವನ ರೂಪಾಯಿಗಳು 1922ಕ್ಕೆ ಬಹುಮಟ್ಟಿಗೆ ನಿಂತುಹೋದವು. ಮತ್ತೆ ರೂಪಾಯಿ ಬಂದದ್ದು ಆರನೆಯ ಜಾರ್ಜನ ಹೆಸರಿನಲ್ಲಿ, 1938ರ ಇಸವಿಯೊಡನೆ. ಆದ್ದರಿಂದ ಇಂದು ಲೆಕ್ಕ ಹಾಕಿದರೆ ಮನೆಯ ಡಬ್ಬಿಯಲ್ಲಿರುವ ಬ್ರಿಟಿಷರ ಕಾಲದ ರೂಪಾಯಿಗಳಲ್ಲಿ ಆರನೆಯ ಜಾರ್ಜನವನ್ನು ಬಿಟ್ಟು ಉಳಿದವೆಲ್ಲ ನೂರು ವರ್ಷದ ಗೆರೆಯನ್ನು ದಾಟಿವೆ.

ಹಾಗೆ ಉಳಿದವುಗಳಲ್ಲಿ ಒಂದು ನಾಣ್ಯಕ್ಕೆ ಮಾತ್ರ ವಿದೇಶದ ಪರೀಕ್ಷೆಯ ಖರ್ಚು ನಿಜವಾಗಿಯೂ ಸಾರ್ಥಕವೆನ್ನಬಹುದು. ಅದು 1939ರ ರೂಪಾಯಿ. ಯುದ್ಧಕಾಲದ ಬೆಳ್ಳಿಯ ಅಭಾವದಿಂದ 1940ರಲ್ಲಿ ಸರ್ಕಾರವು ಬೆಳ್ಳಿಯನ್ನು ಅರ್ಧಕ್ಕಿಳಿಸಿತು. ಹಳೆಯ ಉತ್ತಮ ಬೆಳ್ಳಿಯ ಕೊನೆಯ ಇಸವಿಯ ರೂಪಾಯಿ ಬಹು ವಿರಳವಾಯಿತು. ವಿರಳವಾದುದಕ್ಕೆ ನಕಲು ತಪ್ಪಿದ್ದಲ್ಲ. ಎರಕ ಹೊಯ್ದ ನಕಲುಗಳೂ ಇಸವಿಯ ಅಂಕಿಯನ್ನು ತಿದ್ದಿದವೂ ಪೇಟೆಯಲ್ಲಿ ತಿರುಗುತ್ತವೆ. ಇಂಥ ನಾಣ್ಯ ಕೈಸೇರಿದವನು ಮೊದಲು ಅಕ್ಕಸಾಲಿಗನ ತಕ್ಕಡಿಯಲ್ಲಿ ತೂಕ ನೋಡಲಿ, ಆಮೇಲೆ ಪಿ.ಸಿ.ಜಿ.ಎಸ್. ಆಗಲಿ ಎನ್.ಜಿ.ಸಿ. ಆಗಲಿ ಎಂದು ಯೋಚಿಸಲಿ. ಇವುಗಳಿಗೆ ಸದಸ್ಯತ್ವದ ಮೂಲಕವೋ ಅಧಿಕೃತ ವರ್ತಕರ ಮೂಲಕವೋ ನಾಣ್ಯ ಸಲ್ಲಿಸಬೇಕು. ನಾಣ್ಯದ ಬೆಲೆ ಏರಿದಂತೆ ಶುಲ್ಕವೂ ಏರುತ್ತದೆ. ಅಂಚೆ, ವಿಮೆ, ಸುಂಕಗಳು ಬೇರೆ. ಎರಡರಲ್ಲಿ ಒಂದೆಂದರೆ ಭಾರತದ ನಾಣ್ಯಕ್ಕೆ ಎನ್.ಜಿ.ಸಿ.ಯೇ ಮೇಲೆಂದು ತೋರುತ್ತದೆ, ಅದರ ಪೆಟ್ಟಿಗೆಗೆ ಇಲ್ಲಿಯ ಸಂಗ್ರಾಹಕರ ಕಣ್ಣು ಒಗ್ಗಿರುವುದರಿಂದ. ಅದಕ್ಕೂ 2039ರವರೆಗಷ್ಟೇ ಅವಕಾಶ. ಆ ವರ್ಷ ಈ ರೂಪಾಯಿಯೂ ಪ್ರಾಚ್ಯವಸ್ತುವಾಗುತ್ತದೆ. 1940ರಿಂದ 1945ರವರೆಗಿನ ಅರ್ಧಬೆಳ್ಳಿಯ ರೂಪಾಯಿಗಳನ್ನು ಕಳುಹಿಸುವುದು, ವಿಶೇಷವಾದ ಕಾರಣವಿಲ್ಲದಿದ್ದರೆ, ಕೋಳಿಗಿಂತ ಮಸಾಲೆಗೇ ಹೆಚ್ಚು ಖರ್ಚು ಮಾಡಿದಂತೆ.

ಈಗ ಮತ್ತೆ ಮನೆಯ ಪೆಟ್ಟಿಗೆಗೆ ಬರಬೇಕು. ವಿದೇಶದ ಪರೀಕ್ಷಕನು ‘ಡೀಟೇಲ್ಸ್’ ಎಂದು ಬರೆಯುವ ದೋಷಗಳೆಲ್ಲ ಇಲ್ಲಿಯ ಮನೆವಾರ್ತೆಯ ನಿತ್ಯಕ್ರಮಗಳು. ದೀಪಾವಳಿಯ ಲಕ್ಷ್ಮೀಪೂಜೆಗೆ ಮುಂಚೆ ರಾಣಿಯ ರೂಪಾಯಿಗಳನ್ನು ಹುಣಿಸೆಹುಳಿಯಲ್ಲೋ ಬಿಂಬುಳಿಯಲ್ಲೋ ನೆನೆಹಾಕಿ ಬೂದಿಯಿಂದ ಉಜ್ಜಿ ಫಳಫಳನೆ ಬೆಳಗುವ ಕೈಗಳು ಎಷ್ಟು ಭಕ್ತಿಯವು! ಪರೀಕ್ಷಕನ ಭೂತಕನ್ನಡಿಗೆ ಅಲ್ಲಿ ಕಾಣುವುದು ಗೀರುಗಳು ಮಾತ್ರ. ಬೆಳ್ಳಿಯ ಮೇಲೆ ದಶಕಗಳಿಂದ ಕಟ್ಟಿದ ಮಸುಕಾದ ನೀಲಿ–ಕಂದು ಬಣ್ಣವೇ ಅವನ ದೃಷ್ಟಿಯಲ್ಲಿ ಆಭರಣ. ಬೆಳಗಿದ ಬಿಳುಪು ಕಳಂಕ. ಪವನಿನ ಸರಕ್ಕಾಗಿ ನಾಣ್ಯದ ನೆತ್ತಿಗೆ ಬೆಸೆದ ಕೊಂಡಿ, ಮಗುವಿನ ಉಡಿದಾರಕ್ಕೆ ಪೋಣಿಸಲು ಕೊರೆದ ತೂತು, ಮುಡಿಪಿನ ಅರಸಿನಬಟ್ಟೆಯ ಕಲೆ, ಇವೆಲ್ಲವೂ ಅವನ ಪಟ್ಟಿಯಲ್ಲಿ ಗಾಯಗಳೇ. ಹಿಂದಿನ ಕಾಲದ ಸರಾಫರು ನಾಣ್ಯದ ಮೈಮೇಲೆ ಚಿಕ್ಕ ಉಳಿಯಿಂದ ಒತ್ತುತ್ತಿದ್ದ ಪರೀಕ್ಷೆಯ ಗುರುತಿನ ಗತಿಯೂ ಅದೇ. ಒಂದು ಕಾಲಕ್ಕೆ “ಇದು ಅಸಲು, ನಂಬಿ ತೆಗೆದುಕೊಳ್ಳಿ” ಎಂದು ಹೇಳುತ್ತಿದ್ದ ಗುರುತು ಈಗ ನಾಣ್ಯದ ಬೆಲೆಯನ್ನೇ ತಗ್ಗಿಸುವ ಗುರುತಾಗಿದೆ.

ಒರೆಗಲ್ಲಿನ ಮಾತೂ ಹಾಗೆಯೇ. ಅಕ್ಕಸಾಲಿಗನು ಚಿನ್ನವನ್ನು ಕರಿಗಲ್ಲಿನ ಮೇಲೆ ಎಳೆದು, ಆ ಗೆರೆಯ ಬಣ್ಣದಿಂದ ಗುಣವನ್ನು ಹೇಳುತ್ತಾನೆ. ಬಂಗಾರಕ್ಕೆ ಅದಕ್ಕಿಂತ ಪುರಾತನವಾದ ನ್ಯಾಯಾಸ್ಥಾನವಿಲ್ಲ. ಆದರೆ ವರಹವನ್ನು ಕಲ್ಲಿಗೆ ಎಳೆದಾಗ ಅಂಚಿನ ಒಂದು ಎಳೆ ಚಿನ್ನ ಕಲ್ಲಿಗೆ ಹೋಗುತ್ತದೆ, ನಾಣ್ಯಕ್ಕೆ ಗೀರು ಉಳಿಯುತ್ತದೆ. ಪೇಟೆಯ ಚಿನ್ನದಂಗಡಿಗಳಲ್ಲಿ ಈಗ ಮುಟ್ಟದೆಯೇ ಗುಣ ಹೇಳುವ ಯಂತ್ರಗಳು ಬಂದಿವೆ; ಸಂಗ್ರಾಹಕನು ಅವನ್ನು ಆಶ್ರಯಿಸುವುದೇ ಲೇಸು. ನಾಣ್ಯವನ್ನು ತೊಳೆಯಬಾರದು, ಉಜ್ಜಬಾರದು, ಮುಖವನ್ನು ಬೆರಳಿನಿಂದ ಮುಟ್ಟದೆ ಅಂಚನ್ನು ಹಿಡಿದು ಎತ್ತಬೇಕು. ಇದಿಷ್ಟನ್ನು ಮನೆಯ ಹಿರಿಯರಿಗೆ ನಯವಾಗಿ ತಿಳಿಸುವ ಕಾರ್ಯವು ಎಲ್ಲಕ್ಕಿಂತ ಕಠಿಣವಾದುದು. “ಲಕ್ಷ್ಮಿಯನ್ನು ಮಸಿ ಹಿಡಿದ ಹಾಗೆ ಇಡುವುದೇ ಮಗಾ?” ಎಂದು ಅಜ್ಜಿ ಕೇಳಿದರೆ ಯಾವ ಸಂಸ್ಥೆಯ ಚೀಟಿಯಲ್ಲಿಯೂ ಅದಕ್ಕೆ ಉತ್ತರವಿಲ್ಲ. ಪೂಜೆಗೆಂದು ಐದು ರೂಪಾಯಿಗಳನ್ನು ಅವಳಿಗೆ ಬಿಟ್ಟು, ಉಳಿದವನ್ನು ಕಾಗದದ ಲಕೋಟೆಗೆ ಸೇರಿಸಿದ ಮೊಮ್ಮಗನು ಜಾಣನೆನ್ನಬೇಕು.

ಕಳುಹಿಸಲಾಗದ ವರಹದ ವಿಚಾರ ತಿಳಿಯಬೇಕೆನ್ನುವವರು ಹೋಲಿಸಿ ನೋಡುವುದಕ್ಕೆ ದೂರ ಹೋಗಬೇಕಾದ್ದಿಲ್ಲ. ಕೈಗೆ ಆಧಾರವಾಗಿ ಎ. ವಿ. ನರಸಿಂಹಮೂರ್ತಿಯವರು ಕರ್ನಾಟಕದ ನಾಣ್ಯಗಳನ್ನು ಕುರಿತು ಬರೆದ ಗ್ರಂಥವಿದೆ. ಮಂಗಳೂರಿನಲ್ಲಿ 1960ರಲ್ಲಿ ತೆರೆದ ಶ್ರೀಮಂತಿ ಬಾಯಿ ಸ್ಮಾರಕ ಸರ್ಕಾರಿ ವಸ್ತುಸಂಗ್ರಹಾಲಯವಿದೆ. ಉಡುಪಿಯಲ್ಲಿ 1906ರಲ್ಲಿ ಹುಟ್ಟಿದ ಕಾರ್ಪೊರೇಷನ್ ಬ್ಯಾಂಕು 2020ರಲ್ಲಿ ಯೂನಿಯನ್ ಬ್ಯಾಂಕಿನೊಡನೆ ವಿಲೀನವಾಗುವುದಕ್ಕೆ ಮುಂಚೆ, ತನ್ನ ಸ್ಥಾಪಕರಾದ ಹಾಜಿ ಅಬ್ದುಲ್ಲಾ ಸಾಹೇಬರ ಹಳೆಯ ಮನೆಯಲ್ಲಿಯೇ ನಾಣ್ಯಗಳ ಸಂಗ್ರಹಾಲಯವೊಂದನ್ನು ಏರ್ಪಡಿಸಿತ್ತು. ಎಲ್ಲಕ್ಕಿಂತ ಸಮೀಪದ್ದೆಂದರೆ ಇದೇ ಬೆಳ್ತಂಗಡಿ ತಾಲೂಕಿನಲ್ಲಿ, ಇದೇ ರಸ್ತೆಯ ತುದಿಯಲ್ಲಿರುವ ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯ. ಗಾಜಿನ ಹಿಂದಿನ ನಾಣ್ಯಗಳಿಗೆ ಅಂಕಿಯಿಲ್ಲ, ಚೀಟಿಯಲ್ಲಿ ಬೆಲೆಯಿಲ್ಲ. ಆದರೂ ಅಚ್ಚು ಎಲ್ಲಿ ಸರಿಯಾಗಿ ಬಿದ್ದಿದೆ, ಎಲ್ಲಿ ಸವೆದಿದೆ ಎಂದು ಒಂದು ಗಂಟೆ ನಿಂತು ನೋಡಿದವನ ಕಣ್ಣು ಸಾಕಷ್ಟು ಪಳಗುತ್ತದೆ.

ನಾರಾವಿಯ ಪೇಟೆಯಲ್ಲಿ ಮಧ್ಯಾಹ್ನದ ಬಿಸಿಲು ಇಳಿಯುವ ಹೊತ್ತಿಗೆ ಅಡಿಕೆಯ ಮೂಟೆಗಳು ತೂಕವಾಗಿ ಬಾಯಿ ಹೊಲಿಸಿಕೊಂಡಿರುತ್ತವೆ. ಜಗಲಿಯ ಮೇಲೆ ಸೀಳಿದ ಎರಡು ಅಡಿಕೆಗಳು, ಪಕ್ಕದಲ್ಲಿ ಕತ್ತರಿ. ಅಳದಂಗಡಿ, ಗುರುವಾಯನಕೆರೆಗಳ ಮೇಲಾಗಿ ಧರ್ಮಸ್ಥಳಕ್ಕೆ ಹೋಗುವ ಬಸ್ಸು ಹೊಸ್ಮಾರಿನ ತಿರುವಿನಲ್ಲಿ ಹಾರನ್ನು ಹಾಕುತ್ತದೆ. ದರ ಒಪ್ಪಿಗೆಯಾದವನು ನೋಟುಗಳನ್ನು ಎರಡೆರಡು ಸಲ ಎಣಿಸಿ, ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ, ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದು ನಿಲ್ಲುತ್ತಾನೆ.